ಚೆನ್ನೈಯಲ್ಲಿ ಒಂದು ಹಗಲು ಕೈಗೆ ಸಿಕ್ಕರೆ

ಪ್ರಶ್ನೆ: ಜನವರಿಯಲ್ಲಿ ನಾನು ಮತ್ತು ನನ್ನ ತಾಯಿ ಸಿಂಗಾಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಹೊರಟು ಗುರುವಾರ ಬೆಳಿಗ್ಗೆ ಎಂಟಕ್ಕೆ ಚೆನ್ನೈಯಲ್ಲಿ ಇಳಿಯುತ್ತೇವೆ. ಮುಂದಿನ ವಿಮಾನ ರಾತ್ರಿ ಹನ್ನೊಂದಕ್ಕೆ. ತಾಯಿಗೆ 72 ವರ್ಷ, ಮೊಣಕಾಲು ನೋವಿದೆ, ಸಮುದ್ರವನ್ನು ಇದುವರೆಗೆ ಕಂಡಿಲ್ಲ. ದಿನವಿಡೀ ವಿಮಾನ ನಿಲ್ದಾಣದಲ್ಲೇ ಕೂರಬೇಕೆ? ಮಹಾಬಲಿಪುರಂ ನೋಡಿ ಬನ್ನಿ ಎಂದು ಪರಿಚಯದವರೊಬ್ಬರು ಹೇಳಿದರು.
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಕೂರಬೇಡಿ, ಹೊರಗೆ ಹೋಗಿ. ತಾಯಿಯವರು ಸಮುದ್ರ ಕಂಡಿಲ್ಲ ಎಂದ ಮೇಲೆ ಈ ಹಗಲನ್ನು ಕುರ್ಚಿಯಲ್ಲಿ ಕಳೆಯಲು ನಾನಂತೂ ಒಪ್ಪುವುದಿಲ್ಲ. ಆದರೆ ಮಹಾಬಲಿಪುರಂ ಬೇಡ. ವಿಮಾನ ನಿಲ್ದಾಣದಿಂದ ಅದು ಸುಮಾರು ಐವತ್ತು ಕಿಲೋಮೀಟರ್. ರಥಗಳು, ಗುಹೆಗಳು, ದಂಡೆಯ ಗುಡಿ ಎಲ್ಲವೂ ಬಿಸಿಲಿನಲ್ಲಿ ನಡೆದು ನೋಡುವಂಥವು. ಪಲ್ಲವರ ಆ ಕೆಲಸಕ್ಕೆ ಬೇರೆಯದೇ ಒಂದು ಪ್ರಯಾಣವನ್ನು ಮೀಸಲಿಡಿ.

ಮೊದಲು ಲಗೇಜಿನ ವಿಷಯ. ಬೆಂಗಳೂರಿನಿಂದ ಸಿಂಗಾಪುರದವರೆಗೆ ಒಂದೇ ಟಿಕೆಟ್ ಆಗಿದ್ದರೆ, ಪೆಟ್ಟಿಗೆಗಳು ನೇರವಾಗಿ ಸಿಂಗಾಪುರಕ್ಕೆ ಹೋಗುತ್ತವೆಯೇ ಎಂದು ಬೆಂಗಳೂರಿನ ಕೌಂಟರಿನಲ್ಲೇ ಕೇಳಿ. ಪೆಟ್ಟಿಗೆಗೆ ಕಟ್ಟುವ ಚೀಟಿಯನ್ನೂ ಓದಿ ನೋಡಿ. ಎರಡು ಬೇರೆ ಟಿಕೆಟ್‌ಗಳಾಗಿದ್ದರೆ ಚೆನ್ನೈಯಲ್ಲಿ ಅವು ನಿಮ್ಮ ಕೈಗೇ ಬರುತ್ತವೆ. ಆಗ ನಿಲ್ದಾಣದ ಸಮೀಪ ಹಗಲಿನ ಮಟ್ಟಿಗೆ ಒಂದು ಕೋಣೆ ಹಿಡಿಯಿರಿ. ಅದು ದಂಡವಲ್ಲ, ಮಧ್ಯಾಹ್ನ ತಾಯಿಯವರು ಕಾಲು ಚಾಚಿ ಮಲಗಲು ಜಾಗವಾಗುತ್ತದೆ. ಪಾಸ್‌ಪೋರ್ಟ್ ಮತ್ತು ಮುಂದಿನ ಟಿಕೆಟ್ ಕೈಚೀಲದಲ್ಲೇ ಇರಲಿ. ಅವನ್ನು ತೋರಿಸದೆ ಬಾಗಿಲಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ.

ಇನ್ನು ಎಲ್ಲಿಗೆ ಹೋಗುವುದು? ಬಳ್ಳಾರಿಯವರಿಗೆ ನಾನು ಕೊಡುವ ಉತ್ತರ ಮೈಸೂರಿನವರಿಗೆ ಕೊಡುವ ಉತ್ತರವಲ್ಲ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಮ್ಮ ಜಿಲ್ಲೆ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ. ನಿಮ್ಮ ಅಜ್ಜನ ಕಾಲದಲ್ಲಿ ಹೊಲದ ವ್ಯಾಜ್ಯ ಹೈಕೋರ್ಟಿನವರೆಗೆ ಹೋದರೆ ಮದ್ರಾಸಿಗೇ ಹೋಗಬೇಕಿತ್ತು. ಬಳ್ಳಾರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಇದನ್ನೇ: ಅದು ಪರಸ್ಥಳವಲ್ಲ, ನಮ್ಮ ಹಳೆಯ ರಾಜಧಾನಿ. ನಮ್ಮ ಜಿಲ್ಲೆಯ ಎಷ್ಟೋ ವಸ್ತುಗಳು ಇಂದಿಗೂ ಅಲ್ಲಿವೆ.

ಹಾಗಾಗಿ ಬೆಳಿಗ್ಗೆ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ವಿಮಾನ ನಿಲ್ದಾಣದಲ್ಲೇ ಮೆಟ್ರೊ ಇದೆ. ಸೆಂಟ್ರಲ್‌ನಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಎಗ್ಮೋರ್. ಲಿಫ್ಟ್ ಇರುವುದರಿಂದ ತಾಯಿಯವರಿಗೆ ಮೆಟ್ಟಿಲಿನ ಕಾಟವಿಲ್ಲ. ಅಲ್ಲಿಂದ ಆಟೊ ಹಿಡಿಯಿರಿ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ನಿಮ್ಮದು ಗುರುವಾರವಾದ್ದರಿಂದ ಬದುಕಿದಿರಿ.

1851ರಲ್ಲಿ ಆರಂಭವಾದ ಈ ಸಂಸ್ಥೆಗೆ ರಾಬರ್ಟ್ ಬ್ರೂಸ್ ಫುಟ್ ಅವರ ಸಂಗ್ರಹ ಸೇರಿದ್ದು 1904ರಲ್ಲಿ. ಫುಟ್ ಭೂವಿಜ್ಞಾನ ಸರ್ವೇಕ್ಷಣೆಯ ಅಧಿಕಾರಿ. 1863ರಲ್ಲಿ ಪಲ್ಲಾವರಂನಲ್ಲಿ ಅವರಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿತು. ಭಾರತದಲ್ಲಿ ಅಂಥ ಆಯುಧವನ್ನು ಗುರುತಿಸಿದ್ದು ಅದೇ ಮೊದಲು. ಆ ಪಲ್ಲಾವರಂ ನೀವು ಇಳಿಯುವ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ! ಅದೇ ಫುಟ್ ಮುಂದೆ ನಮ್ಮ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ಹತ್ತಿ, ನವಶಿಲಾಯುಗದವರು ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಆಯ್ದರು. ಕುಡತಿನಿಯ ಬೂದಿದಿಬ್ಬದಂಥವು ದನಗಳ ಸಗಣಿ ಸುಟ್ಟು ಆದವು ಎಂದು ಕಂಡುಕೊಂಡವರೂ ಅವರೇ. ಅವರು ಬಳ್ಳಾರಿ ಜಿಲ್ಲೆಯಲ್ಲಿ ಕೂಡಿಸಿದ್ದು ಈ ಸಂಗ್ರಹದ ದೊಡ್ಡ ಭಾಗ. ಪ್ರಾಗಿತಿಹಾಸದ ವಿಭಾಗ ಎಲ್ಲಿದೆ ಎಂದು ಮೊದಲೇ ಕೇಳಿಕೊಂಡು ನೇರವಾಗಿ ಅಲ್ಲಿಗೆ ಹೋಗಿ. ನಮ್ಮ ಬಳ್ಳಾರಿಯಲ್ಲೇ ಫುಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಹೊರಡುವ ಮುನ್ನ ಅದನ್ನು ನೋಡಿಕೊಂಡರೆ ಚೆನ್ನೈಯಲ್ಲಿ ಕಣ್ಣು ತಾನಾಗಿ ಓದುತ್ತದೆ.

ಉಳಿದ ಹೊತ್ತಿನಲ್ಲಿ ಅಮರಾವತಿಯ ಶಿಲ್ಪಗಳು ಮತ್ತು ಚೋಳರ ಕಂಚು, ಇವೆರಡೇ ಸಾಕು. ರಾಯಚೂರನ್ನು ದಾಟಿ ಹೋದ ಕೃಷ್ಣೆಯೇ ಮುಂದೆ ಅಮರಾವತಿಯ ಸ್ತೂಪದ ಪಕ್ಕದಲ್ಲಿ ಹರಿಯುತ್ತದೆ ಎಂದು ತಾಯಿಯವರಿಗೆ ಹೇಳಿ. ಉಳಿದ ಕಟ್ಟಡಗಳನ್ನೆಲ್ಲ ಸುತ್ತಿಸಿ ಅವರ ಮೊಣಕಾಲನ್ನು ದಣಿಸಬೇಡಿ.

ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಊಟ, ವಿಶ್ರಾಂತಿ. ನಮ್ಮ ಕಡೆಯವರು ಈ ಹೊತ್ತಿನಲ್ಲಿ ಮೈಲಾಪುರದ ಕಪಾಲೀಶ್ವರನ ಗುಡಿಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಮರಳುತ್ತಾರೆ. ಮಧ್ಯಾಹ್ನ ಮುಚ್ಚಿದ ಗುಡಿ ತೆರೆಯುವುದು ಸುಮಾರು ನಾಲ್ಕಕ್ಕೆ. ದೇವರ ದರ್ಶನ ಬೇಕೇ ಬೇಕು ಎಂದು ತಾಯಿಯವರು ಹೇಳಿದರೆ ಬೆಳಗಿನ ಹೊತ್ತನ್ನು ಗುಡಿಗೆ ಕೊಟ್ಟು ಸಂಗ್ರಹಾಲಯವನ್ನು ಬಿಡಿ. ಎರಡನ್ನೂ ಹಿಡಿಯಲು ಹೋಗಬೇಡಿ.

ನಾಲ್ಕರ ಹೊತ್ತಿಗೆ ಮರೀನಾದ ಕಡೆಗೆ ಹೊರಡಿ. ಅಣ್ಣಾ ಸಾಲೈಯ ಐಲ್ಯಾಂಡ್ ಮೈದಾನದ ಬಳಿ ಥಾಮಸ್ ಮನ್ರೊ ಕುದುರೆಯ ಮೇಲೆ ಕುಳಿತ ಪ್ರತಿಮೆ ಇದೆ. ಆಟೊದವರಿಗೆ ಹೇಳಿ ಆ ದಾರಿಯಲ್ಲೇ ಸಾಗಿ. 1800ರಲ್ಲಿ ನಿಜಾಮರು ನಮ್ಮ ಭಾಗವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಕಲೆಕ್ಟರಾಗಿ ಬಂದವರು ಮನ್ರೊ. ಹೊಲಗಳನ್ನು ಅಳೆಸಿ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದರು. ಮುಂದೆ ಮದ್ರಾಸಿನ ಗವರ್ನರ್ ಆದರು. 1827ರಲ್ಲಿ ನಮ್ಮ ಸೀಮೆಯ ಪ್ರವಾಸದಲ್ಲಿದ್ದಾಗಲೇ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಪ್ರತಿಮೆಯ ಕುದುರೆಗೆ ರಿಕಾಪು ಇಲ್ಲ, ಗಮನಿಸಿ.

ಮರೀನಾದಲ್ಲಿ ರಸ್ತೆಗೂ ನೀರಿಗೂ ನಡುವೆ ಬಹಳ ಮರಳಿದೆ. ಮೊಣಕಾಲು ನೋಯುವವರಿಗೆ ಅದೇ ಕಷ್ಟ. ವಿವೇಕಾನಂದ ಇಲ್ಲಂ ಹತ್ತಿರ ನೀರಿನ ಕಡೆಗೆ ಮರದ ಹಲಗೆಯ ಹಾದಿ ಹಾಕಿದ್ದಾರೆ, ಅಲ್ಲೇ ಇಳಿಯಿರಿ. ಪೂರ್ವದ ಕಡಲಾದ್ದರಿಂದ ಸೂರ್ಯ ನೀರಿನಲ್ಲಿ ಮುಳುಗುವುದಿಲ್ಲ, ಬೆನ್ನ ಹಿಂದೆ ಊರಿನ ಕಡೆ ಇಳಿಯುತ್ತಾನೆ. ಸಂಜೆಯ ಗಾಳಿ ಮಾತ್ರ ಬಹಳ ಹಿತ. ತೆಂಗಿನಕಾಯಿ, ಮಾವಿನಕಾಯಿ ಬೆರೆಸಿದ ಬಟಾಣಿ ಸುಂಡಲ್ ಕೊಡಿಸಿ. ನೀರಿಗೆ ಮಾತ್ರ ಇಳಿಯಬೇಡಿ: ಅಲ್ಲಿನ ಒಳಸೆಳೆತ ಈಜು ಬಲ್ಲವರನ್ನೂ ಎಳೆದೊಯ್ದಿದೆ. ಒಂದು ಅಲೆ ಬಂದು ಪಾದ ತೊಳೆದರೆ ಸಾಕು, ತಾಯಿಯವರ ಕೈ ಬಿಡಬೇಡಿ.

ಆರೂವರೆಗೆ ಎದ್ದುಬಿಡಿ. ಆಟೊದಲ್ಲಿ ಗವರ್ನಮೆಂಟ್ ಎಸ್ಟೇಟ್ ಮೆಟ್ರೊ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ವಿಮಾನ ನಿಲ್ದಾಣಕ್ಕೆ ನೇರ ಗಾಡಿ. ಸಂಜೆಯ ರಸ್ತೆಯನ್ನು ನಂಬಬೇಡಿ. ಎಂಟಕ್ಕೆ ಕೌಂಟರಿನ ಮುಂದೆ ನಿಂತಿರಬೇಕು.

ಪ್ರಶ್ನೆ: ಜುಲೈಯಲ್ಲಿ ಕುವೈತ್‌ಗೆ ಹೋಗುವಾಗ ಮುಂಬೈಯಲ್ಲಿ ಐದು ಗಂಟೆ ಬಿಡುವಿದೆ. ಗೇಟ್‌ವೇ ಆಫ್ ಇಂಡಿಯಾ ನೋಡಿ ಬರಬಹುದೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಬೇಡ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿರಬೇಕು. ಉಳಿಯುವುದು ಎರಡು ಗಂಟೆ, ಗೇಟ್‌ವೇ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಜೊತೆಗೆ ಜುಲೈ ಮಳೆ. ದೇಶದೊಳಗಿನ ನಿಮ್ಮ ವಿಮಾನ ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ ಎರಡನೆಯದಕ್ಕೆ ರಸ್ತೆಯಲ್ಲೇ ಹೋಗಬೇಕು, ಅದಕ್ಕೂ ಹೊತ್ತು ಬೇಕು. 2014ರಲ್ಲಿ ತೆರೆದ ಎರಡನೇ ಟರ್ಮಿನಲ್‌ನ ಗೋಡೆಗಳ ಮೇಲೆ ದೇಶದ ನಾನಾ ಭಾಗಗಳ ಕಲೆಯನ್ನು ‘ಜಯ ಹೇ’ ಹೆಸರಿನಲ್ಲಿ ಜೋಡಿಸಿದ್ದಾರೆ, ಅದನ್ನು ನೋಡುತ್ತ ನಡೆಯಿರಿ. ಗೇಟ್‌ವೇಗೆ ಮಳೆಗಾಲ ಕಳೆದ ಮೇಲೆ ಮನೆಯವರೊಂದಿಗೆ ಹೋಗಿ. ರಾಯಚೂರಿನಿಂದ ಮುಂಬೈಗೆ ನೇರ ರೈಲುಗಳಿವೆ.