ಪ್ರ: ಚೀನೀ ಲೇಖಕ ಪು ಸೊಂಗ್‌ಲಿಂಗ್‌ನ ದೆವ್ವದ ಕಥೆಗಳನ್ನು ಹರ್ಬರ್ಟ್ ಜೈಲ್ಸ್‌ನ ಇಂಗ್ಲಿಷ್ ಅನುವಾದದಿಂದ ಕನ್ನಡಕ್ಕೆ ತರಬಹುದೇ?

ಹಕ್ಕುಸ್ವಾಮ್ಯದ ತೊಡಕಿಲ್ಲ, 1880ರ ಪುಸ್ತಕ ಅದು. ಆದರೆ ಅದೊಂದನ್ನೇ ನಂಬಬೇಡಿ. ಮೂಲದಲ್ಲಿ ಸುಮಾರು 500 ಕಥೆಗಳಿವೆ, ಜೈಲ್ಸ್ ಕೊಟ್ಟಿರುವುದು 164. ಮುಜುಗರ ತರುವಂಥದ್ದನ್ನೆಲ್ಲ ಆತ ಕತ್ತರಿಸಿದ್ದಾನೆ, ಇಲ್ಲವೇ ತಿದ್ದಿದ್ದಾನೆ.

‘ಬಣ್ಣ ಬಳಿದ ಚರ್ಮ’ದ ಕಥೆಯನ್ನೇ ನೋಡಿ. ಸುಂದರಿಯ ವೇಷದ ಪಿಶಾಚಿ ವಾಂಗ್‌ನ ಎದೆ ಬಗೆದು ಹೃದಯ ಕಿತ್ತೊಯ್ಯುತ್ತದೆ. ಅವನನ್ನು ಬದುಕಿಸಲು ಹೆಂಡತಿ ಸಂತೆಯಲ್ಲಿ, ಜನರೆಲ್ಲ ನೋಡುತ್ತಿರುವಾಗಲೇ, ಹುಚ್ಚು ಭಿಕ್ಷುಕ ಕೈಗೆ ಉಗಿದ ಕಫವನ್ನು ನುಂಗಬೇಕು. ಜೈಲ್ಸ್‌ನಲ್ಲಿ ಅದು ಅಸಹ್ಯವಾದ ಒಂದು ಗುಳಿಗೆ! ಕಥೆಯ ಕೊನೆಗೆ ಪು ತನ್ನದೇ ಮಾತು ಸೇರಿಸುತ್ತಾನೆ: ಪರಸ್ತ್ರೀಯ ರೂಪಕ್ಕೆ ಬಾಯಿಬಿಟ್ಟವನ ಹೆಂಡತಿ ಪರರ ಎಂಜಲು ನುಂಗಬೇಕಾಗುತ್ತದೆ ಎಂದು. ಗುಳಿಗೆ ಬಂದರೆ ಈ ಮಾತಿಗೆ ತಳವೇ ಇರುವುದಿಲ್ಲ. ಕೊನೆಯಲ್ಲಿ ಬರುವ ಇಂಥ ಟಿಪ್ಪಣಿಗಳನ್ನು ದಯವಿಟ್ಟು ಬಿಡಬೇಡಿ, ಅವು ಕಥೆಯ ಭಾಗವೇ.

ಜಾನ್ ಮಿನ್‌ಫೋರ್ಡ್‌ನ 2006ರ ಇಂಗ್ಲಿಷ್ ಅನುವಾದದಲ್ಲಿ 104 ಕಥೆಗಳಿವೆ. ಸಿಡ್ನಿ ಸಾಂಡರ್‌ಗಾರ್ಡ್ ಆರು ಸಂಪುಟಗಳಲ್ಲಿ ಇಡೀ ಸಂಗ್ರಹವನ್ನು ಇಂಗ್ಲಿಷಿಗೆ ತಂದಿದ್ದಾರೆ. ಇವನ್ನು ಪಕ್ಕದಲ್ಲಿಟ್ಟು ವಾಕ್ಯ ವಾಕ್ಯ ಹೋಲಿಸಿ. ಆದರೆ ಇವುಗಳಿಂದಲೇ ಅನುವಾದಿಸಿ ಪ್ರಕಟಿಸಲು ಅನುಮತಿ ಬೇಕು.

ಹೆಸರುಗಳಿಗೆ ಪಿನ್‌ಯಿನ್ (ಚೀನೀ ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಇಂದಿನ ಕ್ರಮ) ಹಿಡಿಯಿರಿ: ಅದರಲ್ಲಿ ಕ್ಯೂ (q) ಅಂದರೆ ಹತ್ತಿರಹತ್ತಿರ ‘ಛ’, ಎಕ್ಸ್ (x) ಅಂದರೆ ‘ಶ’. ಜೈಲ್ಸ್‌ನ ಕಾಗುಣಿತ ಬೇರೆ, ಎರಡನ್ನೂ ಬೆರೆಸಿದರೆ ಒಬ್ಬನೇ ಇಬ್ಬರಾಗುತ್ತಾನೆ. ಮೂಲದ ಗದ್ಯ ಬಲು ಬಿಗಿ. ‘ಭಯಾನಕ’, ‘ನಿಗೂಢ’ ಎಂದೆಲ್ಲ ನೀವು ತುಂಬಬೇಡಿ. ಮೊದಲು ಅರ್ಧ ಪುಟದ ಕಥೆಗಳಲ್ಲಿ ಕೈ ಪಳಗಿಸಿಕೊಳ್ಳಿ.