ತಪ್ಪಿದ ವಿಮಾನದ ನಷ್ಟ ಯಾರ ಪಾಲಿಗೆ?

(ಪತ್ರದ ಸಾರ: ಪುತ್ತೂರು ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ಮಗಳ ಬಾಣಂತನಕ್ಕೆಂದು ಪತಿಯೊಂದಿಗೆ ಬರ್ಲಿನ್‌ಗೆ ಹೋಗಿದ್ದರು. ಊರಿಗೆ ಮರಳುವಾಗ ಬರ್ಲಿನ್‌ನಿಂದ ಹೊರಟ ಮೊದಲ ವಿಮಾನ ಎರಡು ಗಂಟೆಗೂ ಹೆಚ್ಚು ತಡವಾಯಿತು. ಯುರೋಪಿನದೇ ಇನ್ನೊಂದು ನಗರದಲ್ಲಿ ಹತ್ತಬೇಕಿದ್ದ ಬೆಂಗಳೂರು ವಿಮಾನ ಅಷ್ಟರಲ್ಲಿ ಹೊರಟುಹೋಗಿತ್ತು. ಕೌಂಟರಿನಲ್ಲಿ ಊಟದ ಕೂಪನ್ ಕೊಟ್ಟರು. ಹೋಟೆಲ್ ಕೇಳಿದರೆ ಕೋಣೆಗಳಿಲ್ಲ ಎಂದರು. ಮಂಡಿನೋವಿನ ಪತಿಯೊಂದಿಗೆ ಇಡೀ ರಾತ್ರಿ ಕುರ್ಚಿಯ ಮೇಲೆ ಕಳೆದು ಮರುದಿನದ ವಿಮಾನ ಹಿಡಿದರು. ಬೆಂಗಳೂರಿಗೆ ಬಂದರೆ, ಅಳಿಯ ಬೇರೆಯಾಗಿ ಕೊಂಡಿದ್ದ ಮಂಗಳೂರು ಟಿಕೆಟ್ ಹಿಂದಿನ ದಿನದ್ದು. ಹೊಸ ಟಿಕೆಟ್‌ನ ಬೆಲೆ ಕೇಳಿ ಹಿಂದೆ ಸರಿದು, ಟ್ಯಾಕ್ಸಿ ಮಾಡಿಕೊಂಡು ಶಿರಾಡಿ ಘಾಟಿ ಇಳಿದು ಮನೆ ಸೇರಿದರು. ದೂರಿಗೆ ಕಂಪನಿ ‘ಕಾರ್ಯಾಚರಣೆಯ ಕಾರಣಗಳಿಂದಾದ ವಿಳಂಬಕ್ಕೆ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದೆ. ‘ಹಿರಿಯರನ್ನು ಹೀಗೆ ನಡೆಸಿಕೊಂಡರೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಕಂಪನಿಯ ಹೆಸರು ಹಾಕಿ ಬರೆಯಿರಿ’ ಎಂಬುದು ಓದುಗರ ಕೋರಿಕೆ.)

ನಮಸ್ಕಾರ.

ಕೇಳುವವರು ಇದ್ದಾರೆ. ನಿಮಗೆ ಬರಬೇಕಾದ ಹಣವೂ ಇದೆ: ತಲೆಗೆ 600 ಯೂರೊ, ಇಬ್ಬರಿಗೆ 1,200. ಇದು ಕಂಪನಿಯ ಔದಾರ್ಯವಲ್ಲ, ಕಾನೂನು ವಿಧಿಸಿದ ಮೊತ್ತ. ವಿಷಾದದ ಒಂದು ಸಾಲಿಗೆ ಸುಮ್ಮನಾಗಿ ಅದನ್ನು ಬಿಟ್ಟುಕೊಡಬೇಡಿ. ಕಂಪನಿಯ ಹೆಸರನ್ನು ಮಾತ್ರ ನಾವು ಇಲ್ಲಿ ಹಾಕಿಲ್ಲ. ಅವರ ಮಾತನ್ನು ನಾವು ಕೇಳಿಲ್ಲ. ಒಂದು ಪಕ್ಷದ ಪತ್ರವನ್ನಷ್ಟೇ ಓದಿ ಹೆಸರು ಅಚ್ಚು ಹಾಕುವುದು ಸರಿಯಲ್ಲ. ನಿಮ್ಮ ಕೆಲಸಕ್ಕೆ ಅದರಿಂದ ಅಡ್ಡಿಯೇನೂ ಇಲ್ಲ.

ಐರೋಪ್ಯ ಒಕ್ಕೂಟದಲ್ಲಿ 2004ರ 261ನೇ ನಿಯಮಾವಳಿ ಎಂಬುದೊಂದಿದೆ, 2005ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಪ್ರಯಾಣಿಕರಿಗೆ ಇದು ಅನ್ವಯಿಸುತ್ತದೆ. ಕಂಪನಿ ಯಾವ ದೇಶದ್ದಾದರೂ ಸರಿ. (ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ ಕಂಪನಿಯೂ ಒಕ್ಕೂಟದ್ದೇ ಆಗಿರಬೇಕು.) 3,500 ಕಿಲೋಮೀಟರಿಗಿಂತ ದೂರದ ಪ್ರಯಾಣಕ್ಕೆ ಪರಿಹಾರ 600 ಯೂರೊ. ಬರ್ಲಿನ್‌ನಿಂದ ಬೆಂಗಳೂರು ಅದರ ಎರಡು ಪಟ್ಟು ದೂರ.

‘ಮೊದಲ ವಿಮಾನ ತಡವಾದದ್ದು ಎರಡೂ ಚಿಲ್ಲರೆ ಗಂಟೆ ಮಾತ್ರ, ಮೂರು ಗಂಟೆ ಆಗದೆ ಏನೂ ಸಿಗುವುದಿಲ್ಲವಂತೆ’ ಎಂದು ನಿಮ್ಮ ಅಳಿಯ ಹೇಳಿದ್ದಾಗಿ ಬರೆದಿದ್ದೀರಿ. ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. ಬ್ರೆಮೆನ್‌ನಿಂದ ಪ್ಯಾರಿಸ್, ಸಾವೊ ಪೌಲೊ ಮಾರ್ಗವಾಗಿ ಪರಾಗ್ವೆಯ ಅಸುನ್ಸಿಯೋನ್‌ಗೆ ಹೊರಟಿದ್ದ ಪ್ರಯಾಣಿಕರೊಬ್ಬರ ಪ್ರಕರಣ ಐರೋಪ್ಯ ನ್ಯಾಯಾಲಯದ ಮುಂದೆ ಬಂದಿತ್ತು. ಅವರ ಮೊದಲ ವಿಮಾನವೂ ಸುಮಾರು ಎರಡೂವರೆ ಗಂಟೆಯಷ್ಟೇ ತಡವಾಗಿತ್ತು. ಆದರೆ ಮುಂದಿನ ವಿಮಾನಗಳು ಒಂದರ ಹಿಂದೊಂದು ತಪ್ಪಿ, ಊರು ಮುಟ್ಟುವಾಗ ಹನ್ನೊಂದು ಗಂಟೆ ಮೀರಿತ್ತು. 2013ರ ಫೆಬ್ರುವರಿಯಲ್ಲಿ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಲೆಕ್ಕ ಹಿಡಿಯಬೇಕಾದದ್ದು ಕೊನೆಯ ನಿಲ್ದಾಣ ತಲುಪಿದ ಹೊತ್ತನ್ನು. ನೀವು ಬೆಂಗಳೂರು ತಲುಪಿದ್ದು ಒಂದು ದಿನ ತಡವಾಗಿ. ಬರ್ಲಿನ್‌ನಿಂದ ಬೆಂಗಳೂರಿನವರೆಗಿನದು ಒಂದೇ ಟಿಕೆಟ್ ಆದ್ದರಿಂದ ನಿಮ್ಮ ಪ್ರಕರಣವೂ ಅದೇ ಜಾಡಿನದು.

ಇನ್ನು ತಡಕ್ಕೆ ಕಾರಣ. ಹಣ ಸಿಗುವುದು ಬಿಡುವುದು ನಿಂತಿರುವುದು ಇದರ ಮೇಲೆ. ನಿಮ್ಮ ಪತ್ರದ ಎರಡನೆಯ ಪುಟದಲ್ಲಿ, ನೀವು ಬೇರೇನನ್ನೋ ಹೇಳುವ ನಡುವೆ ಬರೆದ ಒಂದು ಸಾಲಿದೆ: ‘ಹಿಂದಿನ ಊರಿನಿಂದ ಬರಬೇಕಾದ ವಿಮಾನ ಇನ್ನೂ ಬಂದಿಲ್ಲ, ಕ್ಷಮಿಸಿ ಎಂದು ಬರ್ಲಿನ್‌ನಲ್ಲಿ ಗೇಟಿನ ಬಳಿ ಹೇಳಿದರು.’ ಅದೇ ಸಂಜೆ ಇನ್ನೊಂದು ನಗರದ ಕೌಂಟರಿನಲ್ಲಿ ನಿಮಗೆ ಹೇಳಿದ್ದು ‘ಹವಾಮಾನ’. ಈಗ ಮಿಂಚಂಚೆಯಲ್ಲಿ ‘ಕಾರ್ಯಾಚರಣೆಯ ಕಾರಣ’. ಒಂದೇ ವಿಳಂಬಕ್ಕೆ ಮೂರು ಕಾರಣ! ಕೆಟ್ಟ ಹವಾಮಾನ, ವಾಯುಸಂಚಾರ ನಿಯಂತ್ರಣದ ನಿರ್ಬಂಧ, ಭದ್ರತೆಯ ಭೀತಿ ಮುಂತಾದ ಅಸಾಧಾರಣ ಸಂದರ್ಭಗಳಲ್ಲಿ ಕಂಪನಿಗೆ ಪರಿಹಾರದ ಹೊರೆಯಿಂದ ವಿನಾಯಿತಿ ಇದೆ, ನಿಜ. ಆದರೆ ಅಂಥ ಸಂದರ್ಭ ಇತ್ತೆಂದು ಸಾಬೀತುಪಡಿಸುವ ಹೊಣೆ ಕಂಪನಿಯದು. ಇರಲಿಲ್ಲವೆಂದು ನೀವು ತೋರಿಸಬೇಕಿಲ್ಲ. ವಿಮಾನದ ಸಾಮಾನ್ಯ ಯಾಂತ್ರಿಕ ದೋಷ ಕೂಡ ಅಸಾಧಾರಣವಲ್ಲ ಎಂದು ಅದೇ ನ್ಯಾಯಾಲಯ 2008ರಲ್ಲಿಯೇ ತೀರ್ಪು ಕೊಟ್ಟಿದೆ. ‘ಕಾರ್ಯಾಚರಣೆಯ ಕಾರಣ’ ಎಂದರೆ ಏನೂ ಹೇಳದಂತೆಯೇ. ನಿಖರ ಕಾರಣವನ್ನು ದಾಖಲೆಯೊಂದಿಗೆ ತಿಳಿಸಿ ಎಂದು ಕೇಳಿ.

ಆ ರಾತ್ರಿಯ ವಿಷಯ ಓದಿ ನಮಗೆ ಬಹಳ ನೋವಾಯಿತು. ಎಪ್ಪತ್ತು ದಾಟಿದವರು ಕೈಚೀಲವನ್ನೇ ತಲೆದಿಂಬು ಮಾಡಿಕೊಂಡು, ಮಾತ್ರೆಗಳು ಲಗೇಜಿನೊಳಗೆ ಸಿಕ್ಕಿಹಾಕಿಕೊಂಡು, ಬೆಳಗಾಗುವುದನ್ನು ಕಾಯುತ್ತ ಕೂರಬೇಕಾದ ಅಗತ್ಯವೇ ಇರಲಿಲ್ಲ. ಕಾರಣ ಹವಾಮಾನವೇ ಆಗಿದ್ದರೂ ಊಟ, ರಾತ್ರಿಯ ವಸತಿ, ಅಲ್ಲಿಗೆ ಹೋಗಿಬರುವ ವಾಹನ ಇವಿಷ್ಟನ್ನೂ ಕಂಪನಿ ಒದಗಿಸಲೇಬೇಕು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನೇ ಮುಚ್ಚಿದಾಗಲೂ ಈ ಕರ್ತವ್ಯದಿಂದ ಬಿಡುಗಡೆ ಇಲ್ಲ ಎಂದು ನ್ಯಾಯಾಲಯ ಮುಂದೆ ಹೇಳಿತು. ಕಂಪನಿ ಕೋಣೆ ಕೊಡದಿದ್ದರೆ ಪ್ರಯಾಣಿಕರೇ ಸಾಧಾರಣ ದರದ ಕೋಣೆ ಹಿಡಿದು, ರಸೀದಿ ಕೊಟ್ಟು ಆ ಹಣವನ್ನು ವಸೂಲು ಮಾಡಬಹುದು. ಆದರೆ ಕೈಯಲ್ಲಿ ಅಷ್ಟು ಯೂರೊ ಇಲ್ಲದ, ಆ ಊರಿನ ಭಾಷೆ ಬಾರದ ದಂಪತಿಗೆ ಇದನ್ನು ಆ ಹೊತ್ತಿನಲ್ಲಿ ಹೇಳುವವರು ಯಾರು? ಹೇಳಬೇಕಾದದ್ದು ಕಂಪನಿಯೇ. ಎರಡು ಗಂಟೆ ಮೀರಿ ತಡವಾದರೆ ಪ್ರಯಾಣಿಕರ ಹಕ್ಕುಗಳನ್ನು ವಿವರಿಸುವ ಲಿಖಿತ ಸೂಚನೆಯನ್ನು ಕೈಗೆ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ನಿಮಗೆ ಸಿಕ್ಕಿದ್ದು ಊಟದ ಕೂಪನ್ ಮಾತ್ರ. ದೂರಿನಲ್ಲಿ ಇದನ್ನೂ ಬರೆಯಿರಿ.

‘ನಮ್ಮವರು ಆ ಕೌಂಟರಿನ ಹುಡುಗಿಯ ಮೇಲೆ ರೇಗಿಬಿಟ್ಟರು, ಆಮೇಲೆ ಬೇಸರಪಟ್ಟುಕೊಂಡರು’ ಎಂದು ಬರೆದಿದ್ದೀರಿ. ಅವರ ಸಿಟ್ಟು ನ್ಯಾಯವಾದದ್ದು, ಆದರೆ ಅದು ತಲುಪಬೇಕಾದವರು ಅಲ್ಲಿರಲಿಲ್ಲ. ಅನೇಕ ನಿಲ್ದಾಣಗಳಲ್ಲಿ ಕೌಂಟರಿನಲ್ಲಿ ನಿಲ್ಲುವವರು ವಿಮಾನ ಕಂಪನಿಯ ನೌಕರರೇ ಅಲ್ಲ. ನೆಲದ ಮೇಲಿನ ಕೆಲಸಗಳ ಗುತ್ತಿಗೆ ಹಿಡಿದ ಇನ್ನೊಂದು ಸಂಸ್ಥೆಯವರು. ಮುಂದಿನ ವಿಮಾನದಲ್ಲಿ ಸೀಟು ಹುಡುಕುವುದು, ಕೂಪನ್ ಕೊಡುವುದು, ಇಷ್ಟರಾಚೆಗೆ ಅವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಹೋಟೆಲಿಗೆ ಒಪ್ಪಿಗೆ ಕೊಡುವವರು, ಬೇರೆ ಕಂಪನಿಯ ವಿಮಾನಕ್ಕೆ ಕಳುಹಿಸುವ ತೀರ್ಮಾನ ಮಾಡುವವರು ಡ್ಯೂಟಿ ಮ್ಯಾನೇಜರ್. ಆದ್ದರಿಂದ ಕೌಂಟರಿನವರ ಬಳಿ ಕೇಳಬೇಕಾದದ್ದು ‘ಡ್ಯೂಟಿ ಮ್ಯಾನೇಜರನ್ನು ಕರೆಯಿರಿ’ ಎಂಬ ಒಂದೇ ಮಾತು. ಅವರು ಬಂದಾಗ ‘ಹೋಟೆಲ್ ಕೊಡುವುದಿಲ್ಲ ಎಂಬುದನ್ನೂ ತಡದ ಕಾರಣವನ್ನೂ ಬರೆದು ಕೊಡಿ’ ಎನ್ನಬೇಕು. ಬಾಯಿಮಾತಿನಲ್ಲಿ ಸಲೀಸಾಗಿ ಇಲ್ಲ ಎನ್ನುವವರೂ ಬರೆದು ಕೊಡುವಾಗ ಯೋಚಿಸುತ್ತಾರೆ. ಬರೆದು ಕೊಡದಿದ್ದರೆ ಫಲಕದಲ್ಲಿ ಕಾಣುವ ‘ತಡ’ ಎಂಬ ಸೂಚನೆಯ ಫೋಟೊ ತೆಗೆದುಕೊಳ್ಳಿ, ಮಾತನಾಡಿದ ಹೊತ್ತನ್ನು ಬೋರ್ಡಿಂಗ್ ಪಾಸ್‌ನ ಹಿಂದೆ ಬರೆದಿಟ್ಟುಕೊಳ್ಳಿ. ಮತ್ತೊಂದು ಎಚ್ಚರ: ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕಿಗೆ ಕೊಡಬೇಕು. ಮುಂದಿನ ಪ್ರಯಾಣಕ್ಕೆ ಬಳಸುವ ವೋಚರ್ ಕೊಡಬೇಕಾದರೆ ನಿಮ್ಮ ಸಹಿ ಇರುವ ಒಪ್ಪಿಗೆ ಬೇಕು. ಅವಸರದಲ್ಲಿ ನೀಡುವ ಕಾಗದಕ್ಕೆ ಓದದೆ ಸಹಿ ಹಾಕಬಾರದು.

ಈಗ ಬೆಂಗಳೂರು–ಮಂಗಳೂರು ತುಂಡಿನ ವಿಷಯ. ಇಲ್ಲಿ ನಮ್ಮ ಉತ್ತರ ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಅದು ಬೇರೆ ಟಿಕೆಟ್, ಬೇರೆ ಕಂಪನಿ. ನೀವು ಯುರೋಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಎಂಬುದು ಆ ಕಂಪನಿಗೆ ಗೊತ್ತಿಲ್ಲ, ಗೊತ್ತಾದರೂ ಹೊಣೆಯಿಲ್ಲ. ಅವರ ಪುಸ್ತಕದಲ್ಲಿ ನೀವು ಬಾರದ ಪ್ರಯಾಣಿಕರು, ಅಷ್ಟೇ. ಒಂದೇ ಟಿಕೆಟ್ಟಾಗಿದ್ದರೆ ಬರ್ಲಿನ್‌ನಲ್ಲಿ ಹುಟ್ಟಿದ ತಡ ಮಂಗಳೂರಿನವರೆಗೂ ಕಂಪನಿಯ ತಲೆನೋವಾಗುತ್ತಿತ್ತು. ಎರಡಾದ ಕಾರಣ ಬೆಂಗಳೂರಿನಲ್ಲಿ ಅದು ನಿಮ್ಮ ತಲೆನೋವಾಯಿತು.

ವಿದೇಶದಲ್ಲಿರುವ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೂ ನಾಲ್ಕು ಮಾತು. ನಾಲ್ಕೈದು ಸಾವಿರ ಉಳಿಯುತ್ತದೆಂದು ಅಪ್ಪ ಅಮ್ಮನ ಪ್ರಯಾಣವನ್ನು ಎರಡು ಟಿಕೆಟ್ಟಾಗಿ ಒಡೆಯಬೇಡಿ. ಕೆಲವು ಜಾಲತಾಣಗಳು ಒಂದೇ ಪಾವತಿಯಲ್ಲಿ ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿ ಮಾರುತ್ತವೆ. ಹಣ ಕಟ್ಟಿದ್ದು ಒಮ್ಮೆಯೇ ಆದ್ದರಿಂದ ಟಿಕೆಟ್ಟೂ ಒಂದೇ ಎಂದುಕೊಳ್ಳುತ್ತೇವೆ. ಎಲ್ಲ ವಿಮಾನಗಳೂ ಒಂದೇ ಪಿಎನ್‌ಆರ್ ಅಡಿಯಲ್ಲಿ, ಒಂದೇ ಟಿಕೆಟ್ ಸಂಖ್ಯೆಯಲ್ಲಿ ಇವೆಯೇ ಎಂದು ನೋಡಿ. ಬೇರೆ ಟಿಕೆಟ್ ಕೊಳ್ಳಲೇಬೇಕಾದರೆ ನಡುವೆ ಒಂದು ರಾತ್ರಿಯನ್ನಾದರೂ ಬಿಡಿ. ಮುಂಬೈಯಲ್ಲಿ ವಿಮಾನ ಬದಲಿಸುವವರಿಗಂತೂ ಇದು ಇನ್ನೂ ಮುಖ್ಯ: ಸಾಂತಾಕ್ರೂಜ್ ಕಡೆಯ ಒಂದನೇ ಟರ್ಮಿನಲ್‌ನಲ್ಲಿ ಇಳಿದು ಸಹಾರ್ ಕಡೆಯ ಎರಡನೇ ಟರ್ಮಿನಲ್‌ಗೆ ಹೋಗಬೇಕಾದರೆ ನಿಲ್ದಾಣದಿಂದ ಹೊರಬಿದ್ದು ನಗರದ ರಸ್ತೆಯಲ್ಲೇ ಸಾಗಬೇಕು. ತಡವಾಗುವುದು ಖಚಿತವಾದ ಕೂಡಲೇ, ಎರಡನೆಯ ವಿಮಾನ ಹೊರಡುವ ಮುನ್ನವೇ ಆ ಕಂಪನಿಗೆ ಫೋನ್ ಮಾಡಿ ದಿನಾಂಕ ಬದಲಿಸಿಕೊಳ್ಳಿ. ಬಾರದವರೆಂದು ದಾಖಲಾದ ಮೇಲೆ, ಅದೇ ಟಿಕೆಟ್ಟಿನಲ್ಲಿ ಮರಳುವ ಪ್ರಯಾಣವಿದ್ದರೆ ಸಾಮಾನ್ಯವಾಗಿ ಅದೂ ರದ್ದಾಗುತ್ತದೆ.

ಹಾಗೆಂದು ಮಂಗಳೂರಿನ ಹಣ ಪೂರ್ತಿ ಮುಳುಗಿತು ಎಂದುಕೊಳ್ಳಬೇಡಿ. ಪ್ರಯಾಣ ಮಾಡದಿದ್ದರೂ ತೆರಿಗೆ ಮತ್ತು ಬಳಕೆದಾರರ ಅಭಿವೃದ್ಧಿ ಶುಲ್ಕವನ್ನು ಕಂಪನಿ ಮರಳಿಸಬೇಕು ಎಂಬ ನಿಯಮ ನಮ್ಮಲ್ಲಿದೆ, ಕೇಳಿ ಪಡೆಯಿರಿ. ಉಳಿದ ಟಿಕೆಟ್ ಹಣ ಮತ್ತು ಟ್ಯಾಕ್ಸಿ ಬಾಡಿಗೆಯನ್ನು ಬರ್ಲಿನ್‌ನಿಂದ ಕರೆತಂದ ಕಂಪನಿಯಿಂದಲೇ ಕೇಳಲು, ದೇಶದಿಂದ ದೇಶಕ್ಕೆ ಹಾರುವ ವಿಮಾನ ಕಂಪನಿಗಳ ಹೊಣೆಯನ್ನು ಗೊತ್ತುಪಡಿಸುವ ಮಾಂಟ್ರಿಯಲ್ ಒಪ್ಪಂದದಲ್ಲಿ ಅವಕಾಶವಿದೆ. ಭಾರತವೂ 2009ರಿಂದ ಅದರಲ್ಲಿದೆ. ವಿಳಂಬದಿಂದಾದ ನಷ್ಟಕ್ಕೆ ಕಂಪನಿ ಹೊಣೆ, ತಡೆಯಲು ಸಾಧ್ಯವಿದ್ದುದನ್ನೆಲ್ಲ ಮಾಡಿದ್ದೇವೆ ಎಂದು ಅದು ತೋರಿಸದ ಹೊರತು. 600 ಯೂರೊ ಸಿಕ್ಕಿದ ಮೇಲೆ ಅದನ್ನು ಈ ಮೊತ್ತದಲ್ಲಿ ಕಳೆಯಬಹುದು, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಟ್ಯಾಕ್ಸಿಯವನು ಕೊಟ್ಟ ಚೀಟಿ ಇನ್ನೂ ಇದೆ ಎಂದಿದ್ದೀರಿ, ಒಳ್ಳೆಯದಾಯಿತು.

ದೇಶದೊಳಗಿನ ಪ್ರಯಾಣದಲ್ಲಿ ಹೀಗಾದರೆ ಏನು ಎಂದು ಬೇರೆ ಓದುಗರೂ ಕೇಳುತ್ತಿರುತ್ತಾರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಒಂದೇ ಟಿಕೆಟ್ಟಿನ ಮುಂದಿನ ವಿಮಾನ ತಪ್ಪಿದರೆ ಕಂಪನಿ ಬದಲಿ ವಿಮಾನ ಕೊಡಬೇಕು; ಇಲ್ಲವಾದರೆ ಪೂರ್ತಿ ಹಣ ಮರಳಿಸಿ, ಮೇಲೆ ಪರಿಹಾರವನ್ನೂ ಕೊಡಬೇಕು. ಆ ಪರಿಹಾರ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟು ಮಾತ್ರ. ಬರೀ ತಡಕ್ಕೆ ಊಟ, ವಸತಿ, ಬದಲಿ ವಿಮಾನ ಅಥವಾ ಹಣ ವಾಪಸಾತಿ ಉಂಟು, ನಗದು ಪರಿಹಾರವಿಲ್ಲ. ಈ ಮೊತ್ತಗಳು 2016ರಲ್ಲಿ ನಿಗದಿಯಾದವು. ಅಂದಿನಿಂದ ಇಂದಿನವರೆಗೆ ಟಿಕೆಟ್ ದರ ಏರಿರುವುದನ್ನು ನೋಡಿದರೆ ಇವು ತೀರಾ ಸಣ್ಣವು, ಪರಿಷ್ಕರಣೆ ಆಗಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ನಮ್ಮ ನ್ಯಾಯಾಲಯಗಳು ಕೈಕಟ್ಟಿ ಕುಳಿತಿಲ್ಲ. ಅಜ್ಮೀರ್–ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಕುಟುಂಬವೊಂದಕ್ಕೆ ಟ್ಯಾಕ್ಸಿ ಖರ್ಚು, ವಸತಿ ಬುಕಿಂಗ್, ಮಾನಸಿಕ ವೇದನೆ ಎಲ್ಲ ಸೇರಿ 30,000 ರೂಪಾಯಿ ಕೊಡುವಂತೆ ರೈಲ್ವೆಗೆ ಆದ ಆದೇಶವನ್ನು 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಡಕ್ಕೆ ಕಾರಣವೇನೆಂದು ತೋರಿಸಲು ರೈಲ್ವೆ ವಿಫಲವಾದದ್ದೇ ಅಲ್ಲಿ ಮುಖ್ಯವಾಯಿತು. ನಿಮ್ಮ ಕಂಪನಿಯೂ ಈವರೆಗೆ ಅದನ್ನು ತೋರಿಸಿಲ್ಲ.

ಮುಂದಿನ ಕೆಲಸ ಹೀಗೆ ಮಾಡಿ. ವಿಮಾನವನ್ನು ನಿಜವಾಗಿ ಹಾರಿಸಿದ ಕಂಪನಿಗೆ, 261ನೇ ನಿಯಮಾವಳಿಯನ್ನು ಹೆಸರಿಸಿ, ಇಬ್ಬರ ಹೆಸರಿನಲ್ಲಿ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಿ. ಪಿಎನ್‌ಆರ್, ಬೋರ್ಡಿಂಗ್ ಪಾಸ್, ಬೆಂಗಳೂರು ತಲುಪಿದ ಸಮಯ, ಹೋಟೆಲ್ ನಿರಾಕರಿಸಿದ ವಿಷಯ, ರಸೀದಿಗಳು ಎಲ್ಲವೂ ಇರಲಿ. ಸರಿಯಾದ ಉತ್ತರ ಬಾರದಿದ್ದರೆ ಜರ್ಮನಿಯಲ್ಲಿ ಪ್ರಯಾಣಿಕರ ದೂರುಗಳಿಗೆಂದೇ ಇರುವ ಸಂಧಾನ ಸಂಸ್ಥೆಗೆ ಮಗಳು ಅಲ್ಲಿಂದಲೇ ಬರೆಯಬಹುದು. ಇಲ್ಲಿಂದ ಹೋರಾಡುವುದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ನೀವು ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಮಾಂಟ್ರಿಯಲ್ ಒಪ್ಪಂದದಡಿ ದಾವೆ ಹೂಡಲು ಎರಡು ವರ್ಷದ ಗಡುವಿದೆ. ನೀವು ಮರಳಿದ್ದು ಕಳೆದ ಮಳೆಗಾಲದಲ್ಲಿ. ಸಮಯವಿದೆ, ಆದರೆ ಮುಂದೂಡುವಷ್ಟಿಲ್ಲ.

ಕೋರಿಕೆ ಪತ್ರದ ಕರಡನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ನಿಮ್ಮ ವಿಳಾಸಕ್ಕೆ ಕಳುಹಿಸುತ್ತಿದ್ದೇವೆ. ವಿವರ ತುಂಬಿ, ಇಬ್ಬರೂ ಸಹಿ ಹಾಕಿ ಕಳುಹಿಸಿ. ಕಂಪನಿಯಿಂದ ಬರುವ ಉತ್ತರದ ಪ್ರತಿಯನ್ನು ನಮಗೂ ಕೊಡಿ; ಅದು ಏನೇ ಇದ್ದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ