ಕಾಲೇಜಿನ ಗೆಳೆತನ, ಮುಂದಿನ ಬದುಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮದು ವಿರಾಜಪೇಟೆ ಸಮೀಪದ ಒಂದು ಗ್ರಾಮ. ನಮ್ಮ ಒಬ್ಬನೇ ಮಗ ಕಳೆದ ಆಗಸ್ಟಿನಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದ. ಅವನಿಗಿನ್ನೂ ಹದಿನೆಂಟು ವರ್ಷ. ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಸಂಘವೊಂದು ತನ್ನನ್ನು ಸೇರಿಸಿಕೊಳ್ಳಲು ಆಹ್ವಾನ ನೀಡಿದೆ ಎಂದು ಮೊದಲು ಸಂಭ್ರಮದಿಂದ ಹೇಳಿದ. ಆಮೇಲೆ ಅವನ ಮಾತಿನ ಧಾಟಿಯೇ ಬದಲಾಯಿತು. ಮೊನ್ನೆ ಇಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆಗೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದೆವು, ಅಲ್ಲಿ ರಾತ್ರಿ ಎರಡೂವರೆ. ಯಾರೋ ಬಾಗಿಲು ಬಡಿದರು. ‘ಅಣ್ಣಂದಿರು ಕರೆಯುತ್ತಿದ್ದಾರೆ, ಹೋಗಲೇಬೇಕು ಅವ್ವಾ’ ಎಂದು ಕರೆ ಕಡಿದ. ಎಲ್ಲಿಗೆ, ಏಕೆ ಎಂದು ಮರುದಿನ ಕೇಳಿದರೆ ಅದನ್ನು ಹೊರಗೆ ಹೇಳುವಂತಿಲ್ಲವಂತೆ. ‘ಇದು ನಮ್ಮ ಒಕ್ಕ (ಒಂದೇ ಮೂಲದ ಕೊಡವ ಮನೆತನ) ಇದ್ದ ಹಾಗೆ, ನಾಳೆ ನೌಕರಿಗೆ ಇವರೇ ಆಸರೆಯಾಗುತ್ತಾರೆ, ನೀನು ಅಡ್ಡ ಬರಬೇಡ’ ಎಂಬುದು ನನ್ನ ಯಜಮಾನರ ಮಾತು. ನನಗಂತೂ ರಾತ್ರಿ ನಿದ್ದೆಯಿಲ್ಲ. ತಡೆಯಲೇ, ಬಿಡಲೇ?
– ಒಬ್ಬ ತಾಯಿ, ವಿರಾಜಪೇಟೆ ತಾಲ್ಲೂಕು

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿಯೂ ಹುರುಳಿದೆ, ನಿಮ್ಮ ಆತಂಕಕ್ಕೂ ಕಾರಣವಿದೆ. ಆದ್ದರಿಂದ ಈ ಸಂಘಗಳು ಏನು, ಹೇಗೆ ನಡೆಯುತ್ತವೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಇಂಥ ಸಂಘಗಳಲ್ಲಿ ಮೊದಲನೆಯದು, ಫೈ ಬೀಟಾ ಕಪ್ಪಾ, 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಅದು ಚರ್ಚೆ, ಸಾಹಿತ್ಯಗಳಿಗಾಗಿ ಗುಟ್ಟಾಗಿ ಸೇರುತ್ತಿದ್ದ ವಿದ್ಯಾರ್ಥಿಗಳ ಕೂಟ. ಮುಂದೆ ಅದು ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಗಿ ಬದಲಾಯಿತು. ಇಂದು ನಾವು ಕೇಳುವ ರೀತಿಯ, ಒಂದೇ ಮನೆಯಲ್ಲಿ ಒಟ್ಟಿಗೆ ಬಾಳುವ ಸ್ನೇಹಕೂಟಗಳ ಬೇರು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಆರಂಭವಾದ ಕಪ್ಪಾ ಆಲ್ಫಾ ಸೊಸೈಟಿಯಲ್ಲಿದೆ. ಇವೆಲ್ಲವೂ ಉಳ್ಳವರ ಮಕ್ಕಳ ಮೋಜಿನ ಕೂಟಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಪ್ಪು ವರ್ಣದ ವಿದ್ಯಾರ್ಥಿಗಳನ್ನು ಬೇರೆಯವರು ಹತ್ತಿರ ಸೇರಿಸದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರೇ ಕಟ್ಟಿಕೊಂಡ ಆಲ್ಫಾ ಫೈ ಆಲ್ಫಾ ಒಬ್ಬರಿಗೊಬ್ಬರು ಆಸರೆಯಾಗಿ ನಿಂತ ಸಂಘ. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾಗಿದ್ದರು. ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘಗಳೂ ಈಗ ಅಲ್ಲಿವೆ.

ಸೇರುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಸೆಮಿಸ್ಟರಿನ ಆರಂಭದಲ್ಲಿ ಸಂಘಗಳು ಹೊಸಬರನ್ನು ಕರೆದು ಪರಿಚಯ ಮಾಡಿಕೊಳ್ಳುತ್ತವೆ, ಒಪ್ಪಿಗೆಯಾದವರಿಗೆ ಆಹ್ವಾನ ಕೊಡುತ್ತವೆ, ಅದನ್ನು ಒಪ್ಪಿಕೊಂಡವರು ಕೆಲವು ವಾರಗಳ ಕಾಲ ‘ಪ್ಲೆಡ್ಜ್’ಗಳಾಗಿ, ಅಂದರೆ ಉಮೇದುವಾರರಾಗಿ ಇರುತ್ತಾರೆ, ಕೊನೆಗೆ ದೀಕ್ಷೆಯಂಥ ಒಂದು ವಿಧಿಯ ನಂತರ ಸದಸ್ಯರಾಗುತ್ತಾರೆ. ನಿಮ್ಮ ಮಗ ಈಗ ಇರುವುದು ಈ ಉಮೇದುವಾರಿಕೆಯ ಅವಧಿಯಲ್ಲಿ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಅಪಾಯವೆಲ್ಲ ಹೆಚ್ಚಾಗಿ ಕೂಡಿಕೊಂಡಿರುವುದೂ ಇದೇ ಅವಧಿಯಲ್ಲಿ. ‘ಹೇಜಿಂಗ್’ ಎಂದು ಅಲ್ಲಿ ಕರೆಯುವುದು ನಮ್ಮ ರ‍್ಯಾಗಿಂಗಿನ ಒಡಹುಟ್ಟು: ಸೇರಬೇಕಾದರೆ ಅವಮಾನ ಸಹಿಸು, ನಿದ್ದೆಗೆಡು, ಹೇಳಿದಷ್ಟು ಕುಡಿ. 2017ರ ಫೆಬ್ರುವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಇಂಥ ಒಂದು ರಾತ್ರಿ ವಿಪರೀತ ಕುಡಿಸಲ್ಪಟ್ಟು, ಮೆಟ್ಟಿಲಿನಿಂದ ಬಿದ್ದ; ಸುತ್ತಲಿದ್ದ ‘ಅಣ್ಣಂದಿರು’ ಗಂಟೆಗಟ್ಟಲೆ ಕಾಲ ವೈದ್ಯಕೀಯ ನೆರವು ಕರೆಯಲಿಲ್ಲ, ಹುಡುಗ ಉಳಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಆ ದೇಶ ಹೇಜಿಂಗ್ ತಡೆಗೆ ಒಂದು ಕೇಂದ್ರೀಯ ಕಾನೂನನ್ನೇ ತಂದಿದೆ. ಅದರ ಪ್ರಕಾರ, ನಿಯಮ ಮೀರಿದ ಸಂಘಗಳ ವಿವರವನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ನಿಮ್ಮ ಮಗನ ಸಂಘದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಇಂದೇ ನೋಡಿ, ಸಾಧ್ಯವಾದರೆ ಅವನನ್ನೂ ಜೊತೆಗೆ ಕೂರಿಸಿಕೊಂಡು ನೋಡಿ.

ಇನ್ನು ನೌಕರಿಯ ಮಾತು. ಅದೇ ಯೂನಿಯನ್ ಕಾಲೇಜಿನ ಅರ್ಥಶಾಸ್ತ್ರಜ್ಞರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕುರಿತು ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಂಘ ಸೇರಿದವರ ಅಂಕ ನಾಲ್ಕರ ಮಾಪನದಲ್ಲಿ ಸುಮಾರು 0.25ರಷ್ಟು ಕುಸಿಯುತ್ತದೆ, ಆದರೆ ಮುಂದಿನ ಆದಾಯ ಸುಮಾರು ಶೇ 36ರಷ್ಟು ಹೆಚ್ಚುತ್ತದೆ ಎಂದು ಅದು ಕಂಡುಕೊಂಡಿತು. ಇದು ಒಂದೇ ಕಾಲೇಜಿನ ಲೆಕ್ಕ, ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು. ಆದರೂ ನಿಮ್ಮ ಯಜಮಾನರ ಲೆಕ್ಕಾಚಾರ ಬರೀ ಊಹೆಯಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಹಳೆಯ ಸದಸ್ಯರು ಹೊಸಬರಿಗೆ ಬಾಗಿಲು ತೆರೆಯುತ್ತಾರೆ. ನಮ್ಮಲ್ಲಿಯೂ ಸೈನ್ಯದಿಂದ ಹಿಡಿದು ಬ್ಯಾಂಕಿನವರೆಗೆ ಹಿಂದಿನವರ ಕೈಹಿಡಿದು ಮುಂದಿನವರು ಹೋದದ್ದನ್ನು ಕೊಡಗಿನ ಪ್ರತಿ ಮನೆಯೂ ಬಲ್ಲದು.

ಆದರೆ ಒಕ್ಕದ ಹೋಲಿಕೆಯನ್ನು ನಾನು ಒಪ್ಪಲಾರೆ. ಒಕ್ಕದಲ್ಲಿ ಯಾರೂ ಯಾರನ್ನೂ ಆರಿಸುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದವನಿಗೂ, ಪರ ಊರಿಗೆ ಹೋಗಿ ವರ್ಷಗಟ್ಟಲೆ ಮುಖ ತೋರಿಸದವನಿಗೂ ಕೈಲ್‌ಪೊಳ್ದ್ ಹಬ್ಬದ ದಿನ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲ ಮನೆಯಲ್ಲಿ, ಜಾಗವಿದ್ದೇ ಇರುತ್ತದೆ, ಅದಕ್ಕೆ ಅವನು ಪರೀಕ್ಷೆ ಕೊಡಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದು ಸಾಧ್ಯವಾಗಿರುವುದೂ ಆ ಕಾರಣದಿಂದಲೇ. ಹಾಗೆಯೇ ನಮ್ಮ ಮನೆಗಳಲ್ಲಿ ಮದ್ಯ ನಿಷಿದ್ಧವಲ್ಲ, ಆದರೆ ಅದು ಹಿರಿಯರ ಕಣ್ಣೆದುರು, ಮನೆತನದ ಮರ್ಯಾದೆಯೊಳಗೆ ನಡೆಯುವುದು. ನಡುರಾತ್ರಿ ಒಬ್ಬನ ಅಪ್ಪಣೆಯ ಮೇರೆಗೆ ಕುಡಿಯುವುದು ಬೇರೆಯೇ ಸಂಗತಿ. ‘ನಮ್ಮವರಿಗೆ ಇದು ಹೊಸದೇನಲ್ಲ’ ಎಂದು ಯಜಮಾನರು ಹಗುರವಾಗಿ ಕಾಣದಿರಲಿ. ಅಲ್ಲಿ ಇಪ್ಪತ್ತೊಂದು ತುಂಬದವರು ಕುಡಿಯುವುದು ಕಾನೂನಿಗೆ ವಿರುದ್ಧ, ಪೊಲೀಸ್ ಪ್ರಕರಣವಾದರೆ ಅದರ ನೆರಳು ವಿದ್ಯಾರ್ಥಿ ವೀಸಾದ ಮೇಲೂ ಬೀಳಬಹುದು.

ನನ್ನ ಸಲಹೆ ಇಷ್ಟು. ಸೇರಬೇಡ ಎಂದು ಅಪ್ಪಣೆ ಕೊಡಬೇಡಿ. ಹದಿನೆಂಟರ ಹುಡುಗ ಹತ್ತು ಸಾವಿರ ಕಿಲೊಮೀಟರಿಗೂ ಆಚೆ ಇರುವಾಗ ಅಪ್ಪಣೆ ಅವನನ್ನು ಇನ್ನಷ್ಟು ಮುಚ್ಚಿಡುವಂತೆ ಮಾಡುತ್ತದೆ, ಅಷ್ಟೇ. ಅವನನ್ನು ಒಂದೇ ಪ್ರಶ್ನೆ ಕೇಳಿ: ‘ಅಲ್ಲಿ ನೀನು ಒಂದು ಸಲ ಬೇಡ ಎಂದರೆ, ನಾಳೆಯೂ ಅವರು ನಿನ್ನನ್ನು ಗೆಳೆಯನೆಂದು ಮಾತನಾಡಿಸುತ್ತಾರೆಯೇ?’ ಉತ್ತರವನ್ನು ನಿಮಗೆ ಹೇಳಬೇಕಾಗಿಲ್ಲ, ತಾನೇ ಪರೀಕ್ಷಿಸಿ ನೋಡಲಿ. ಮರುದಿನ ಪರೀಕ್ಷೆಯಿರುವ ಒಂದು ರಾತ್ರಿ ಬಾಗಿಲು ಬಡಿದಾಗ ‘ಇವತ್ತು ಬರುವುದಿಲ್ಲ’ ಎನ್ನಲಿ. ಅದನ್ನು ಸಹಜವಾಗಿ ತೆಗೆದುಕೊಂಡ ಸಂಘ ಸೇರಲು ಯೋಗ್ಯ. ಹಾಗೆ ಹೇಳಲು ಅವನಿಗೆ ಧೈರ್ಯವೇ ಬರುತ್ತಿಲ್ಲವೆಂದಾದರೆ, ಅಲ್ಲಿ ಸಿಗಬಹುದಾದ ಯಾವ ನೌಕರಿಯೂ ಆ ಹೆದರಿಕೆಯ ಬೆಲೆಗೆ ಸಮನಲ್ಲ. ಏನೇ ಅನಾಹುತವಾದರೂ ಮೊದಲು ನಿಮಗೆ ಕರೆ ಮಾಡಬಹುದು, ಬೈಗುಳ ಆಮೇಲೆ, ಎಂಬ ಭರವಸೆಯನ್ನು ತಂದೆಯ ಬಾಯಿಂದಲೇ ಹೇಳಿಸಿ.

ಪ್ರಶ್ನೆ: ನಾನು ಮಾದಾಪುರ ಕಡೆಯವನು, ವಯಸ್ಸು 41. ಮೈಸೂರಿನಲ್ಲಿ ಬಿ.ಕಾಂ. ಓದುವಾಗ ಹಾಸ್ಟೆಲಿನಲ್ಲಿ ನಮ್ಮದು ಐದು ಜನರ ಗುಂಪು. ಮೆಸ್ಸಿನಲ್ಲಿ ಒಂದೇ ಮೇಜು, ಸಂಜೆಯಾದರೆ ಇಸ್ಪೀಟು, ಸಿನಿಮಾ. ಸಿ.ಎ. ಓದುವ ಆಸೆ ನನ್ನದಾಗಿತ್ತು, ಆ ಸಂಜೆಗಳಲ್ಲಿ ಅದು ಕರಗಿಹೋಯಿತು. ಕೊನೆಯ ವರ್ಷ ತಂದೆಗೆ ಪಾರ್ಶ್ವವಾಯು ಬಡಿದು ತೋಟಕ್ಕೆ ವಾಪಸಾದೆ. ಗುಂಪಿನ ಇಬ್ಬರು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ, ಒಬ್ಬ ವಿದೇಶದಲ್ಲಿದ್ದಾನೆ. ಇನ್ನೊಬ್ಬ ಮೈಸೂರಿನಲ್ಲೇ ಸಣ್ಣ ಅಂಗಡಿ ಇಟ್ಟಿದ್ದಾನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ನಮ್ಮ ತೋಟದ ಒಂದು ಭಾಗ ಹೋದಾಗ ಅವನು ಅಕ್ಕಿ, ಟಾರ್ಪಾಲು ಹೊತ್ತು ಬಂದಿದ್ದ. ಈಗ ಹಳೆಯ ಗೆಳೆಯರ ಕೂಟ ಇಟ್ಟುಕೊಂಡಿದ್ದಾರೆ. ಕಣದಲ್ಲಿ ಕಾಫಿ ಹರವುವ ನಾನು ಯಾವ ಮುಖ ಹೊತ್ತು ಹೋಗಲಿ? ಆ ಗುಂಪು ಸೇರದಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತು. ಮುಂದಿನ ವರ್ಷ ಕಾಲೇಜಿಗೆ ಹೋಗುವ ಮಗಳನ್ನು ಹಾಸ್ಟೆಲಿಗೆ ಕಳಿಸಬಾರದೆಂದು ತೀರ್ಮಾನಿಸಿದ್ದೇನೆ. ಸರಿಯೇ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಒಂದು ವಾಕ್ಯವನ್ನು ನೀವು ಅವಸರದಲ್ಲಿ ದಾಟಿಹೋಗಿದ್ದೀರಿ, ನಾನು ಅಲ್ಲಿಯೇ ನಿಂತೆ. ಆ ಆಗಸ್ಟಿನಲ್ಲಿ ಮಾದಾಪುರದ ಕಡೆಗೆ ರಸ್ತೆಗಳು ಕುಸಿದು, ಕರೆಂಟೂ ಇಲ್ಲದೆ, ಯಾರ ಮನೆ ಉಳಿದಿದೆ ಯಾರದು ಹೋಗಿದೆ ಎಂದು ತಿಳಿಯದಿದ್ದ ದಿನಗಳು ನಮಗೆಲ್ಲರಿಗೂ ನೆನಪಿವೆ. ಅಂಥ ಹೊತ್ತಿನಲ್ಲಿ ಅಂಗಡಿ ಮುಚ್ಚಿ, ಅಕ್ಕಿ ಹೊತ್ತು ಬಂದ ಮನುಷ್ಯ ನಿಮಗೆ ಸಿಕ್ಕಿದ್ದು ಎಲ್ಲಿ? ಅದೇ ಹಾಸ್ಟೆಲಿನಲ್ಲಿ, ಅದೇ ಮೆಸ್ಸಿನ ಮೇಜಿನಲ್ಲಿ. ಆ ಗುಂಪು ಸೇರದಿದ್ದರೆ ಅವನೂ ಇರುತ್ತಿರಲಿಲ್ಲ.

ಇನ್ನು ನಿಮ್ಮ ದೂರಿನ ಬಗ್ಗೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕೊಠಡಿಯ ಜೊತೆಗಾರರನ್ನು ಯಾದೃಚ್ಛಿಕವಾಗಿ ಹಂಚುತ್ತಿದ್ದರು, ಆದ್ದರಿಂದ ಸಹವಾಸದ ಪರಿಣಾಮವನ್ನು ಅಳೆಯಲು ಅದು ಒಳ್ಳೆಯ ಅವಕಾಶವಾಯಿತು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಜೊತೆಗಾರರ ಪ್ರಭಾವ ವಿದ್ಯಾರ್ಥಿಯು ಓದಿಗೆ ಹಾಕುವ ಶ್ರಮದ ಮೇಲೆ, ಯಾವ ಸಂಘ ಸೇರುತ್ತಾನೆ ಎಂಬುದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಯಾವ ವಿಷಯವನ್ನು ಪ್ರಧಾನವಾಗಿ ಓದಬೇಕು ಎಂಬಂಥ ದೊಡ್ಡ ನಿರ್ಧಾರಗಳಲ್ಲಿ ಮಾತ್ರ ಅದು ಕಾಣುವುದಿಲ್ಲ. ಇದನ್ನು ನಿಮ್ಮ ಬದುಕಿಗೆ ಹಿಡಿದು ನೋಡಿ. ಗೆಳೆಯರು ನಿಮ್ಮ ಸಂಜೆಗಳನ್ನು ತೆಗೆದುಕೊಂಡರು, ಅದು ನಿಜ, ಮತ್ತು ಸಂಜೆಗಳು ಸಣ್ಣ ವಸ್ತುವಲ್ಲ. ಆದರೆ ನಿಮ್ಮನ್ನು ಊರಿಗೆ ಕರೆತಂದದ್ದು ತಂದೆಯ ಕಾಯಿಲೆ, ಅವರನ್ನು ನೋಡಿಕೊಳ್ಳಬೇಕೆಂದು ನಿರ್ಧರಿಸಿದವರು ನೀವೇ. ಮಗನಾದವನು ಮಾಡಬೇಕಾದದ್ದನ್ನು ಮಾಡಿದ್ದೀರಿ. ಈ ಎರಡನ್ನೂ ಒಂದೇ ಖಾತೆಗೆ ಬರೆದು ಇಪ್ಪತ್ತು ವರ್ಷ ಬಡ್ಡಿ ಕಟ್ಟುತ್ತಿದ್ದೀರಿ. ಆ ಕಾಲದ ನಿಮ್ಮ ನಿರ್ಧಾರವೇ ಇಂದು ಒಂದು ತೋಟವನ್ನು, ಒಂದು ಕುಟುಂಬವನ್ನು ನಿಲ್ಲಿಸಿದೆ. ಜರಿದ ಗುಡ್ಡದ ಪಕ್ಕದಲ್ಲಿ ಮತ್ತೆ ಗಿಡ ನೆಟ್ಟು ಬದುಕುವವನು ಯಾರೆದುರೂ ತಲೆ ತಗ್ಗಿಸಬೇಕಾಗಿಲ್ಲ.

ಕೂಟಕ್ಕೆ ಹೋಗಿ. ಹಿಂದಿನ ದಿನವೇ ಮೈಸೂರಿಗೆ ಹೋಗಿ ಆ ಅಂಗಡಿಯ ಗೆಳೆಯನ ಮನೆಯಲ್ಲಿ ಉಳಿದು, ಇಬ್ಬರೂ ಜೊತೆಯಾಗಿ ಹೋಗಿ. ಅವನಿಗೂ ನಿಮ್ಮ ಹಾಗೆಯೇ ಅಳುಕು ಇರಬಹುದು.

ಮಗಳ ವಿಷಯದಲ್ಲಿ ಮಾತ್ರ ನಿಮ್ಮ ತೀರ್ಮಾನ ತಪ್ಪು. ಕೊಡಗಿನಲ್ಲಿ ಹುಡುಗಿಯರು ಮೈಸೂರು, ಮಂಗಳೂರುಗಳ ಹಾಸ್ಟೆಲಿನಲ್ಲಿ ಓದಿಯೇ ಮುಂದೆ ಬಂದಿದ್ದಾರೆ. ಅವಳಿಗೆ ಬಾಗಿಲು ಮುಚ್ಚುವ ಬದಲು, ನಿಮ್ಮ ಸಂಜೆಗಳು ಹೇಗೆ ಕರಗಿದವು ಎಂಬುದನ್ನು ಬೈಗುಳವಿಲ್ಲದೆ ಅವಳಿಗೆ ಹೇಳಿ. ಕಾಲೇಜು ಸೇರಿದ ಮೊದಲ ಕೆಲವು ವಾರಗಳಲ್ಲಿ ಒಂಟಿತನ ಕಾಡುತ್ತದೆ, ಹತ್ತಿರ ಕರೆದ ಮೊದಲ ಗುಂಪಿನಲ್ಲಿಯೇ ಮನಸ್ಸು ಕೂತುಬಿಡುತ್ತದೆ. ಮೂರು ವರ್ಷದ ವೇಳಾಪಟ್ಟಿ ಬಹುಪಾಲು ಅಲ್ಲಿಯೇ ನಿಶ್ಚಯವಾಗುತ್ತದೆ. ಆ ವಾರಗಳಲ್ಲಿ ಒಂದೇ ಮೇಜಿಗೆ ಅಂಟಿಕೊಳ್ಳದೆ, ಗ್ರಂಥಾಲಯದಲ್ಲಿ ಒಬ್ಬಳು, ಮೈದಾನದಲ್ಲಿ ಒಬ್ಬಳು, ಎನ್.ಎಸ್.ಎಸ್. ಶಿಬಿರದಲ್ಲಿ ಒಬ್ಬಳು ಗೆಳತಿಯಾಗಲಿ. ಒಂದು ಗುಂಪು ಬೇಡವಾದಾಗ ಎದ್ದು ಹೋಗಲು ಇನ್ನೊಂದು ಕಡೆ ಜಾಗವಿರುತ್ತದೆ. ನಿಮಗೆ ಆಗ ಇಲ್ಲದಿದ್ದುದು ಅದೊಂದೇ.

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿ, ಮಡಿಕೇರಿಯಲ್ಲಿ ಹಾಸ್ಟೆಲಿನಲ್ಲಿದ್ದೇನೆ. ನಮ್ಮ ಊರಿನ ಕಡೆಯ ಸೀನಿಯರ್ ಅಕ್ಕಂದಿರದ್ದೊಂದು ಗುಂಪಿದೆ. ಹೊಸಬರು ರಾತ್ರಿ ಹತ್ತರ ನಂತರ ಅವರ ಕೋಣೆಗೆ ಹೋಗಿ ಪರಿಚಯ ಹೇಳಿಕೊಳ್ಳಬೇಕು, ಅವರು ಹೇಳಿದಂತೆ ಕುಣಿಯಬೇಕು, ಬಟ್ಟೆ ಒಗೆದು ಕೊಡಬೇಕು. ಹೋಗದಿದ್ದರೆ ನೋಟ್ಸ್ ಇಲ್ಲ, ಕಾಲೇಜು ತಂಡದಲ್ಲಿ ಜಾಗವೂ ಇಲ್ಲವಂತೆ. ಊರಿನವರೇ ಅಲ್ಲವೇ, ಸಹಿಸಿಕೊ ಎಂದು ಕೋಣೆಯವಳು ಹೇಳುತ್ತಾಳೆ.
– ಎಂ., ಮಡಿಕೇರಿ

ಉತ್ತರ: ಮಗಳೇ, ಸಹಿಸಿಕೊಳ್ಳಬೇಡ. ಇದು ರ‍್ಯಾಗಿಂಗ್. ಯು.ಜಿ.ಸಿ.ಯ 2009ರ ನಿಯಮಾವಳಿಯ ಪ್ರಕಾರ ಇದು ಶಿಕ್ಷಾರ್ಹ. ಹಾಸ್ಟೆಲಿನಿಂದ ಹೊರಹಾಕುವುದರಿಂದ ಹಿಡಿದು ಕಾಲೇಜಿನಿಂದಲೇ ತೆಗೆದುಹಾಕುವವರೆಗೆ ಕ್ರಮ ಜರುಗಿಸಬಹುದು. ಪ್ರವೇಶದ ಸಮಯದಲ್ಲಿ ನೀನೂ ನಿನ್ನ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಸಹಿ ಹಾಕಿರುವಂತೆ ಅವರೂ ಹಾಕಿದ್ದಾರೆ. ಊರಿನವರೆಂಬ ಕಾರಣಕ್ಕೆ ಅವರ ಮೇಲೆ ಹೆಚ್ಚಿನ ಹೊಣೆ ಇರಬೇಕೇ ಹೊರತು ನಿನ್ನ ಮೇಲೆ ಹೆಚ್ಚಿನ ಅಧಿಕಾರ ಇರಬಾರದು. ಈ ವಯಸ್ಸಿನಲ್ಲಿ ಹೆದರಿ ತಲೆಬಾಗಿದವರು ಮುಂದಿನ ವರ್ಷ ಹೊಸಬರನ್ನು ಅದೇ ಕೋಣೆಗೆ ಕರೆಯುವುದನ್ನು ಹಾಸ್ಟೆಲುಗಳಲ್ಲಿ ಕಾಣುತ್ತಲೇ ಇದ್ದೇವೆ. ನನಗೆ ಬಹಳ ನೋವು ಕೊಡುವ ಸಂಗತಿಯದು.

ನಿನ್ನಂತೆಯೇ ಹೆದರಿರುವ ಇನ್ನೊಬ್ಬಳನ್ನಾದರೂ ಜೊತೆಗೆ ಸೇರಿಸಿಕೊ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿಸಿದರು ಎಂದು ಇಬ್ಬರೂ ಬರೆದು, ಸಹಿ ಹಾಕಿ ವಾರ್ಡನ್‌ಗೆ ಕೊಟ್ಟು, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಅಲ್ಲಿ ಕೇಳದಿದ್ದರೆ ಪ್ರಾಂಶುಪಾಲರಿಗೆ ಕೊಡಿ. ಇಪ್ಪತ್ನಾಲ್ಕು ಗಂಟೆಯೂ ಇರುವ ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿಯ ಸಂಖ್ಯೆ 1800-180-5522, ಕರೆ ಉಚಿತ. ಇಂದು ರಾತ್ರಿ ಹತ್ತಕ್ಕೆ ಆ ಕೋಣೆಗೆ ಹೋಗಬೇಡ, ಮನೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳು.